ಅಲಾಸ್ಕಾ ಹಡಗಿನಲ್ಲಿ 8 ಜನರ ಟೇಬಲ್: ಗುರುತಿಲ್ಲದವರ ಜೊತೆ 7 ರಾತ್ರಿ ಊಟ ಮಾಡೋದು ಹೇಗೆ?

ಸಾಗರದವಳು:

ಎಲ್ಲರಿಗೂ ನಮಸ್ಕಾರ. ನನಗೆ 63, ನಮ್ಮ ಮನೆಯವರಿಗೆ 70. ಮಗ ಸಿಯಾಟಲ್‌ನಲ್ಲಿದ್ದಾನೆ. ಬರುವ ಜೂನ್‌ನಲ್ಲಿ ನಮ್ಮಿಬ್ಬರನ್ನು ಅಲಾಸ್ಕಾ ಹಡಗಿಗೆ ಹತ್ತಿಸುತ್ತಾನಂತೆ. ಅವನಿಗೂ ಸೊಸೆಗೂ ರಜೆ ಇಲ್ಲ, ಹಾಗಾಗಿ ನಾವಿಬ್ಬರೇ. ನನ್ನ ಊರಿನ ಹೆಸರೇ ಸಾಗರ. ಆದರೆ ಸಮುದ್ರ ಅಂತ ಇಳಿದಿದ್ದು ಗೋಕರ್ಣದಲ್ಲಿ, ಅದೂ ಮೊಣಕಾಲಿನವರೆಗೆ.

ಅಲೆಯ ಹೆದರಿಕೆ ಇಲ್ಲ, ಇರೋದು ಊಟದ್ದು. ದಿನಾ ಸಂಜೆ 5:30ಕ್ಕೆ ದೊಡ್ಡ ಡೈನಿಂಗ್ ರೂಮಿನಲ್ಲಿ 8 ಜನರ ಟೇಬಲ್ ಅಂತ ಬುಕಿಂಗ್‌ನಲ್ಲಿದೆ. 7 ರಾತ್ರಿಯೂ ಅದೇ ಟೇಬಲ್, ಅದೇ ಜನ. ಉಳಿದ 6 ಜನ ಯಾರೋ ಏನೋ. "ಚೆನ್ನಾಗಿರತ್ತಮ್ಮಾ, ಪರಿಚಯ ಆಗತ್ತೆ" ಅಂತಾನೆ ಮಗ. ಕೂರೋದು ಅವನಲ್ಲವಲ್ಲ!

5:30 ನಮಗೆ ಕಾಫಿ ಹೊತ್ತು. ಅದು ಹೋಗಲಿ. ನಾವು ಮೊಟ್ಟೆ ಕೂಡ ತಿನ್ನುವುದಿಲ್ಲ. ಪಕ್ಕದವರ ತಟ್ಟೆಯಲ್ಲಿ ಏನಿದ್ದರೂ ನನಗೆ ಬೇಜಾರಿಲ್ಲ. 30 ವರ್ಷ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರ ಡಬ್ಬಿಯ ನಡುವೆ ಕೂತು ಉಂಡವಳು. ಕಷ್ಟ ಇರೋದು ಮನೆಯವರ ವಿಷಯದಲ್ಲಿ. ಅವರದು ಕೈಯಲ್ಲೇ ಊಟ. ಕೊನೆಗೆ ಮೊಸರನ್ನ ಬೀಳದಿದ್ದರೆ ಊಟ ಆದ ಲೆಕ್ಕವೇ ಇಲ್ಲ. 12 ನಿಮಿಷಕ್ಕೆ ಎಲ್ಲ ಮುಗಿಸಿ ಎದ್ದೇ ಬಿಡುತ್ತಾರೆ. ಹೊಸಬರ ಹತ್ತಿರ "ನಿಮ್ಮ ಕಡೆ ಮಳೆ ಹೇಗೆ" ಅಂತ ಕೇಳಿದರೆ ಅವರ ಮಾತು ಮುಗಿಯಿತು.

2 ಜನರ ಟೇಬಲ್ ಕೇಳಿಬಿಡೋದು ಒಳ್ಳೆಯದಾ? ಹಾಗೆ ಕೇಳಿದರೆ ಸೊಕ್ಕಿನವರು ಅಂದುಕೊಳ್ಳುತ್ತಾರಾ?

ಬಸವನಗುಡಿ ಬಾಬು:

ಅಮ್ಮಾ, ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಒಮ್ಮೆ ಹೋಗಿ ಬನ್ನಿ. ಕಾದು ಕಾದು ಹೆಸರು ಕೂಗಿದ ಮೇಲೆ ಯಾರದೋ ಟೇಬಲ್ಲಿನಲ್ಲಿ ಕೂರಿಸುತ್ತಾರೆ. ಎದುರಿನವರ ರವೆ ಇಡ್ಲಿ ನೋಡ್ತಾ ನಮ್ಮ ದೋಸೆ ತಿಂದು ಎದ್ದು ಬರ್ತೀವಿ, ಅಲ್ವಾ? ಹಡಗಲ್ಲೂ ಅಷ್ಟೇ. ಸುಮ್ನೆ ತಲೆ ಕೆಡಿಸ್ಕೋಬೇಡಿ.

ಕುಡ್ಲದ ಮಾಜಿ ವೇಟರ್:

ಬಾಬು ಮಾರಾಯ್ರೇ, ಅಷ್ಟೇ ಅಲ್ಲ. ದೋಸೆ ತಿಂದು ಏಳೋದಕ್ಕೂ ಒಂದೂವರೆ ಗಂಟೆ ಎದುರುಬದುರು ಕೂರೋದಕ್ಕೂ ವ್ಯತ್ಯಾಸ ಉಂಟು. ನಾನು 9 ವರ್ಷ ಹಡಗಿನ ಡೈನಿಂಗ್ ರೂಮಿನಲ್ಲಿ ಇದ್ದವ. ಮೊದಲು ಅಸಿಸ್ಟೆಂಟ್ ವೇಟರ್, ಆಮೇಲೆ ವೇಟರ್. ಈಗ ಸುರತ್ಕಲ್‌ನಲ್ಲಿ ಸಣ್ಣ ಕ್ಯಾಂಟೀನ್ ಇದೆ.

ಅಮ್ಮಾ, 8ರ ಟೇಬಲ್ ಸಿಕ್ಕಿದ್ದು ನಿಮ್ಮ ಪುಣ್ಯ. ಹೆದರಬೇಕಾದದ್ದು 4ರ ಟೇಬಲ್ಲಿಗೆ. ಅಲ್ಲಿ ನೀವಿಬ್ಬರು, ಎದುರಿಗೆ ಇನ್ನಿಬ್ಬರು. ಹೊಂದಿಕೆ ಆಗದಿದ್ದರೆ ತಪ್ಪಿಸಿಕೊಳ್ಳೋಕೆ ಜಾಗವೇ ಇಲ್ಲ. 8 ಜನ ಇದ್ದರೆ ಮಾತು ತಾನಾಗಿ ಹರಿದು ಹೋಗ್ತದೆ. ನಿಮ್ಮ ಯಜಮಾನರು ಇಡೀ ರಾತ್ರಿ ಸುಮ್ಮನಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಅದೂ ಅಲ್ಲದೆ 8 ಕುರ್ಚಿಯೂ ತುಂಬೋದು ಕಡಿಮೆ. ಒಂದು ಜೋಡಿ ಬಫೆಗೆ ಹೋಗಿರ್ತದೆ, ಇನ್ನೊಂದು ಹೆಚ್ಚು ದುಡ್ಡಿನ ರೆಸ್ಟೋರೆಂಟಿಗೆ.

12 ನಿಮಿಷದ ಊಟ ಮಾತ್ರ ನಡೆಯಲ್ಲ. ಬಾಳೆಲೆ ಮೇಲೆ ಎಲ್ಲಾ ಒಟ್ಟಿಗೆ ಬಡಿಸಿದ ಹಾಗಲ್ಲ ಇದು. ಮೊದಲು ಸೂಪು, ಸಲಾಡ್. ಟೇಬಲ್ಲಿನ ಎಲ್ಲರದ್ದೂ ಮುಗಿದ ಮೇಲೆ ತಟ್ಟೆ ಎತ್ತಿ ಮುಖ್ಯ ಊಟ. ಅದೂ ಎಲ್ಲರದ್ದು ಮುಗಿದ ಮೇಲೆ ಸಿಹಿ. ಒಬ್ಬರು ನಿಧಾನ ತಿಂದರೆ ಉಳಿದ 7 ಜನ ಕಾಯಬೇಕು. ಯಜಮಾನರಿಗೆ ಬ್ರೆಡ್ ಬುಟ್ಟಿ ತೋರಿಸಿ ಕೂರಿಸಿ.

ಮೊಸರನ್ನ? ಪ್ಲೇನ್ ಯೋಗರ್ಟ್, ಪ್ಲೇನ್ ರೈಸ್ ಅಂತ ಕೇಳಿ. ಬೆಳಗಿನ ಬಫೆಗೆ ಮೊಸರು ಇಟ್ಟೇ ಇರ್ತಾರೆ, ರಾತ್ರಿಗೂ ತರಿಸಬಹುದು. ಮೊದಲ ದಿನ ಒಮ್ಮೆ ಕೇಳಿದರೆ ಸಾಕು. ಟೈಮ್, ಟೇಬಲ್ ಎರಡೂ ಫಿಕ್ಸ್ ಆದರೆ 7 ದಿನವೂ ಅದೇ ವೇಟರ್ ಇರ್ತಾನೆ. ಮೂರನೇ ದಿನ ನೀವು ಕೂರೋ ಮೊದಲೇ ಬಟ್ಟಲು ಬಂದಿರ್ತದೆ. ನಾನೇ ಒಬ್ಬ ಗುಜರಾತಿ ಅಜ್ಜಿಗೆ ದಿನಾ ಹಸಿಮೆಣಸು ಹೆಚ್ಚಿಸಿ ಇಡ್ತಿದ್ದೆ, ಮೆನುವಿನಲ್ಲಿ ಎಲ್ಲಿತ್ತು ಅದು? ಕೈಯಲ್ಲಿ ತಿನ್ನಲಿ, ಯಾರೂ ಏನೂ ಅನ್ನಲ್ಲ. ಬಿಸಿನೀರು, ಲಿಂಬೆ ಹೋಳು ಕೇಳಿದರೆ ಕೈ ತೊಳೆಯೋಕೆ ತಂದು ಕೊಡ್ತಾರೆ.

ಬರೀ ವೆಜಿಟೇರಿಯನ್ ಅಂದರೆ ಸಾಲದು ಅಮ್ಮಾ. ಅವರ ಲೆಕ್ಕದಲ್ಲಿ ಮೊಟ್ಟೆ ವೆಜ್. ತರಕಾರಿ ಸೂಪಿನ ನೀರು ಕೋಳಿ ಬೇಯಿಸಿದ್ದಿರಬಹುದು. ಸೀಸರ್ ಸಲಾಡಿನ ಸಾಸಿನಲ್ಲಿ ಸಣ್ಣ ಮೀನು ಅರೆದಿರ್ತದೆ. ಅಲುಗಾಡುವ ಸಿಹಿತಿಂಡಿಯಲ್ಲಿ ಜೆಲಾಟಿನ್. "ಇಂಡಿಯನ್ ವೆಜಿಟೇರಿಯನ್, ಮೊಟ್ಟೆ ಇಲ್ಲ, ಮೀನು ಇಲ್ಲ" ಅಂತ ಮಗ ಈಗಲೇ ಬುಕಿಂಗ್‌ನಲ್ಲಿ ಬರೆಸಲಿ. ಹತ್ತಿದ ದಿನ ಹೆಡ್ ವೇಟರ್‌ಗೂ ಹೇಳಿ. ನಾಳೆಯ ಊಟ ಏನು ಬೇಕು ಅಂತ ಹಿಂದಿನ ರಾತ್ರಿಯೇ ಕೇಳಿ ದಾಲ್, ಪಲ್ಯ ಮಾಡಿಸ್ತಾರೆ.

ಸನ್ನಿವೇಲ್ ಸೊಸೆ:

ನಾನು ಒಪ್ಪಲ್ಲ. ನಮ್ಮತ್ತೆ ಮಾವ ಹೋದಾಗ 8ರ ಟೇಬಲ್ಲೇ ಕೊಟ್ಟಿದ್ದರು. ಉಳಿದ 6 ಜನರೂ ಒಂದೇ ಮನೆಯವರು! ಅಜ್ಜಿಯ ಹುಟ್ಟುಹಬ್ಬಕ್ಕೆ ಬಂದವರು. ಕೆಟ್ಟವರೇನಲ್ಲ, ಆದರೆ ಮಾತೆಲ್ಲ ಅವರವರದ್ದೇ. ಯಾರದೋ ಮನೆಯ ನಾಮಕರಣಕ್ಕೆ ಕರೆಯದೆ ಹೋಗಿ ಕೂತ ಹಾಗಾಯಿತಂತೆ. ಮೂರನೇ ರಾತ್ರಿಯಿಂದ ಇಬ್ಬರೂ ಬಫೆ. ಫಿಕ್ಸೆಡ್ ಬಿಟ್ಟು, ಬೇಕಾದ ಹೊತ್ತಿಗೆ ಹೋಗಿ ಕೂರುವ ವ್ಯವಸ್ಥೆ ತಗೊಳ್ಳಿ. ಬಾಗಿಲಲ್ಲೇ "ಇಬ್ಬರಿಗೆ" ಅನ್ನಬಹುದು.

ಇನ್ನೊಂದು. ಊಟದ ವಿಷಯ ಅಲ್ಲ, ಆದರೂ ಹೇಳ್ತೀನಿ. ಸಿಯಾಟಲ್‌ನಿಂದ ಹೊರಡುವ ಹಡಗು ಸಾಮಾನ್ಯವಾಗಿ ವಿಕ್ಟೋರಿಯಾದಲ್ಲಿ ನಿಲ್ಲುತ್ತದೆ. ಅದು ಕೆನಡಾ. ಭಾರತದ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇಕು. ಮಗನಿಗೆ ನೆನಪಿದೆಯಾ ಕೇಳಿ.

ಕುಡ್ಲದ ಮಾಜಿ ವೇಟರ್:

ಸೊಸೆಯವರು ಹೇಳಿದ್ದು ಆಗ್ತದೆ, ನಾನೇ ನೋಡಿದ್ದೇನೆ. ಆದರೆ ಎರಡು ರಾತ್ರಿ ಯಾಕೆ ಸಹಿಸಬೇಕಿತ್ತು? ಹತ್ತಿದ ದಿನ ಮಧ್ಯಾಹ್ನ ಡೈನಿಂಗ್ ರೂಮಿನ ಬಾಗಿಲ ಹತ್ತಿರ ಟೇಬಲ್ ಬದಲಾಯಿಸೋಕೆ ಅಂತಲೇ ಒಬ್ಬರು ಕೂತಿರ್ತಾರೆ. ಮೊದಲ ರಾತ್ರಿ ಕೂತು ನೋಡಿ, ಹಿಡಿಸದಿದ್ದರೆ ಮರುದಿನ ಬೆಳಿಗ್ಗೆ ಮೆಲ್ಲಗೆ ಹೇಳಿ. ಸೊಕ್ಕು ಅಂತ ಯಾರೂ ಅಂದುಕೊಳ್ಳಲ್ಲ. ನೀವು ಬಾರದಿದ್ದರೆ ಟೇಬಲ್ಲಿನವರು ಬಫೆಗೆ ಹೋಗಿದ್ದಾರೆ ಅಂದುಕೊಳ್ತಾರೆ, ಅಷ್ಟೇ.

ಬೇಕಾದ ಹೊತ್ತಿಗೆ ಹೋದರೆ ದಿನಾ ಬೇರೆ ವೇಟರ್ ಸಿಗಬಹುದು. ಮೊಟ್ಟೆ ಪುರಾಣ ದಿನಾ ಮೊದಲಿನಿಂದ ಹೇಳಬೇಕು. ಹಾಗೆ ಹೋಗೋದಾದರೆ ಮೊದಲ ದಿನ ಇಷ್ಟವಾದ ವೇಟರ್ ಹೆಸರು ಹೇಳಿ, ಅವನ ಕಡೆಯೇ ಕೂರಿಸಿ ಅಂತ ಕೇಳಿ.

5:30 ಬೇಡ ಅನ್ನಿಸಿದರೆ 8 ಗಂಟೆ ಹೊತ್ತಿನ ಎರಡನೇ ಸರದಿ ಕೇಳಿ. ಮೊದಲ ಸರದಿಯವರನ್ನು ಏಳಿಸಿ ಟೇಬಲ್ಲಿನ ಬಟ್ಟೆ ಬದಲಿಸಿ ಮತ್ತೆ ಎಲ್ಲಾ ಜೋಡಿಸುವ ಗಡಿಬಿಡಿ ನಮಗೆ ಮಾತ್ರ ಗೊತ್ತು. ಎರಡನೇ ಸರದಿಯಲ್ಲಿ ಆರಾಮ ಕೂರಬಹುದು. ಕತ್ತಲಾಯಿತು ಅನ್ನೋ ಚಿಂತೆ ಬೇಡ, ಜೂನ್‌ನಲ್ಲಿ ಅಲಾಸ್ಕಾದ ಜುನೋ ಊರಿನ ಕಡೆ ರಾತ್ರಿ 10ರವರೆಗೂ ಬೆಳಕಿರ್ತದೆ.

ಸಾಗರದವಳು:

ವೀಸಾ ವಿಷಯ ಮಗನಿಗೆ ಹೊಳೆದೇ ಇರಲಿಲ್ಲ! ಈಗ ಓಡಾಡುತ್ತಿದ್ದಾನೆ. ಸೊಸೆಯವರೇ, ದೊಡ್ಡ ಉಪಕಾರ.

8 ಗಂಟೆಯ ಸರದಿ, 8ರ ಟೇಬಲ್ ಅಂತ ಬದಲಾಯಿಸಿದೆವು. ಮೊದಲ ರಾತ್ರಿ ನೋಡೋಣ. ನನಗೆ ಹೇಳೋಕೆ ಜೋಗ ಇದೆ, ಮಳೆಗಾಲದಲ್ಲಿ ಅದು ಹೇಗೆ ಭೋರ್ಗರೆಯುತ್ತದೆ ಅಂತ ಇಂಗ್ಲಿಷಿನಲ್ಲಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದೇನೆ. ಮನೆಯವರದು ಒಂದೇ ಪ್ರಶ್ನೆ: ಎದುರಿಗೆ ಕೂರುವವರಿಗೆ ಅಡಿಕೆ ಗೊತ್ತಿರತ್ತಾ?

ಕುಡ್ಲದ ಮಾಜಿ ವೇಟರ್:

ಗೊತ್ತಿರಲ್ಲ ಅಮ್ಮಾ. ತೋಟದ ಫೋಟೋ ಫೋನಿನಲ್ಲಿ ಹಾಕಿಕೊಂಡು ಹೋಗಲಿ. ಅಡಿಕೆ ಕೊನೆ ಕೊಯ್ಯೋಕೆ ಮರ ಹತ್ತಿದವರ ಫೋಟೋ ಇದ್ದರೆ ಅದೇ ಮೊದಲು ತೋರಿಸಲಿ. ಆಮೇಲೆ 12 ನಿಮಿಷಕ್ಕೆ ಏಳೋಕೆ ಅವರೇ ಬಿಡಲ್ಲ.