ಪದಚರ್ಚೆ: ಬ್ಯಾಂಡು, ಕ್ಲಚರು, ಸ್ಕ್ರಂಚಿ – ನಿಮ್ಮ ಮನೆಯಲ್ಲಿ ಏನಂತಾರೆ?

ಬಳಗದ ಎಲ್ಲರಿಗೂ ನಮಸ್ಕಾರ.

ಸೋಮವಾರಪೇಟೆಯಲ್ಲಿ ಸಂತೆ ಸೋಮವಾರ. ಸ್ಕೂಲಿರುವ ದಿನ. ಹಾಗಾಗಿ ನನ್ನ ಅಕ್ಕನ ಮಗಳು ಒಂದು ಚೀಟಿ ಬರೆದು ನನ್ನ ಕೈಗಿಟ್ಟಳು. ಅವಳಿಗೆ ಹದಿಮೂರು. ಈಗ ತಲೆಯನ್ನು ಅಮ್ಮನ ಕೈಗೆ ಕೊಡುವುದಿಲ್ಲ, ತಾನೇ ಬಾಚಿಕೊಳ್ಳುತ್ತಾಳೆ. ಚೀಟಿಯಲ್ಲಿ ಇದ್ದದ್ದು ಇಷ್ಟು: ಹೇರ್ ಬ್ಯಾಂಡ್ ಎರಡು, ದೊಡ್ಡ ಕ್ಲಚರ್ ಒಂದು, ಸ್ಕ್ರಂಚಿ, ಟಿಕ್‌ಟಾಕ್ ಪಿನ್ನು, ಬಾಬಿ ಪಿನ್ನು ಒಂದು ಕಾರ್ಡು, ಬಾಲ ಇರೋ ಬಾಚಣಿಗೆ. ಕೊನೆಯದೊಂದು ಬಿಟ್ಟರೆ ನನಗೆ ಧೈರ್ಯವಾಗಿ ಗೊತ್ತಿದ್ದದ್ದು ಹೇರ್ ಬ್ಯಾಂಡ್ ಮಾತ್ರ. ತಪ್ಪಾಗಿದ್ದೂ ಅದೇ.

ನಾನು ತಂದದ್ದು ಬಿಲ್ಲಿನ ಹಾಗೆ ಬಾಗಿದ, ಕಿವಿಯಿಂದ ಕಿವಿಗೆ ಕೂರುವ ಬ್ಯಾಂಡು. ಅವಳಿಗೆ ಬೇಕಿದ್ದದ್ದು ಜುಟ್ಟು ಕಟ್ಟುವುದು. 'ಮಾಮ, ಇದು ಯಾರಿಗೆ?' ಅಂತ ಕೇಳಿದಳು. ಅಕ್ಕ ನನ್ನ ಕಡೆಗೇ ನಿಂತಳು. ಅವಳ ಲೆಕ್ಕದಲ್ಲಿ ತಲೆ ಮೇಲೆ ಕೂರುವುದು ಬ್ಯಾಂಡು, ಕೂದಲು ಕಟ್ಟುವುದು ರಬ್ಬರು. ಮಗಳ ಲೆಕ್ಕದಲ್ಲಿ ಕಟ್ಟುವುದೇ ಬ್ಯಾಂಡು, ರಬ್ಬರು ಅಂದರೆ ಅಳಿಸೋದು. ಒಂದೇ ಮನೆ, ಒಂದೇ ಮಾತು, ಎರಡು ಅರ್ಥ. ನನಗಂತೂ 'ರಬ್ಬರು' ಅನ್ನೋ ಹೆಸರು ಅಷ್ಟು ಒಳ್ಳೆಯದಲ್ಲ ಅನ್ನಿಸುತ್ತದೆ. ಆ ಮಾತು ಕೇಳಿಕೊಂಡೇ ಎಷ್ಟೋ ಮಕ್ಕಳು ಪೊಟ್ಟಣಕ್ಕೆ ಹಾಕುವ ಬರೀ ರಬ್ಬರನ್ನು ತಲೆಗೆ ಹಾಕಿಕೊಳ್ಳುತ್ತಾರೆ. ಅದು ಕೂದಲಿಗೆ ಅಂಟಿ, ಬಿಚ್ಚುವಾಗ ಕಿತ್ತುಕೊಂಡೇ ಬರುತ್ತದೆ. ಬಟ್ಟೆ ಸುತ್ತಿದ್ದೇ ಆಗಬೇಕು.

ಈ ಗೊಂದಲ ಕೇರಳದಲ್ಲಿ ಒಂದು ಕಾಲಕ್ಕೆ ಇರಲಿಲ್ಲ. ಎರಡು ಪ್ಲಾಸ್ಟಿಕ್ ಗುಂಡು ಇರುವ ಜುಟ್ಟಿನ ಎಲಾಸ್ಟಿಕ್ಕಿಗೆ ಅಲ್ಲಿ 'ಲವ್ ಇನ್ ಟೋಕಿಯೋ' ಅನ್ನುತ್ತಿದ್ದರು. 1966ರ ಹಿಂದಿ ಸಿನಿಮಾದ ಹೆಸರು ಅದು. ಅದರಲ್ಲಿ ಆಶಾ ಪಾರೇಖ್ ಅಂಥದ್ದನ್ನು ಹಾಕಿದ್ದರು. ಕೇರಳದ ಗಡಿ ಪಕ್ಕದಲ್ಲೇ ಇರುವ ವಿರಾಜಪೇಟೆ, ಕುಟ್ಟ ಕಡೆಯವರು ಬಳಗದಲ್ಲಿ ಇದ್ದರೆ ಹೇಳಿ, ನಿಮ್ಮ ಅಮ್ಮಂದಿರ ಬಾಯಲ್ಲಿ ಈ ಹೆಸರು ಇತ್ತಾ?

ಇನ್ನು ಕ್ಲಚರ್. ಸ್ಪ್ರಿಂಗ್ ಇರುವ, ಎರಡೂ ಕಡೆ ಹಲ್ಲಿರುವ, ಒತ್ತಿದರೆ ಬಾಯಿ ಬಿಡುವ ಕ್ಲಿಪ್ಪು. ಹೊರದೇಶದ ಇಂಗ್ಲಿಷಿನಲ್ಲಿ ಇದು ಕ್ಲಾ ಕ್ಲಿಪ್, ಅಂದರೆ ಪಂಜದ ಕ್ಲಿಪ್ಪು. ಕ್ಲಚರ್ ಅನ್ನೋದು ನಮ್ಮ ಅಂಗಡಿಗಳ ಇಂಗ್ಲಿಷು. ನನಗೆ ಆ ಮಾತು ಕೇಳಿದರೆ ಜೀಪೇ ನೆನಪಾಗುತ್ತದೆ. ಆದರೆ ನಮ್ಮ ಮನೆಯಲ್ಲಿ ಅದಕ್ಕೊಂದು ಹೆಸರು ಆಗಲೇ ಹುಟ್ಟಿದೆ. ಅಮ್ಮ ಅದನ್ನು ಮೇಜಿನ ಮೇಲೆ ನೋಡಿ, 'ಈ ಏಡಿ ಯಾರದ್ದು, ಎತ್ತಿಡಿ' ಅಂದರು. ಮಳೆಗಾಲದಲ್ಲಿ ಗದ್ದೆ ಬದುವಿನಲ್ಲಿ ಏಡಿ ಹಿಡಿದು ಬೆಳೆದವರು. ಅವರಿಗೆ ಅದರ ಕೊಂಡಿಯೇ ಕಂಡಿದೆ. ಈಗ ನಮ್ಮಲ್ಲಿ ಅದು ಏಡಿ ಕ್ಲಿಪ್ಪು. ಹುಡುಗಿ ಗೆಳತಿಯರ ಮುಂದೆ ಮಾತ್ರ ಕ್ಲಚರ್ ಅನ್ನುತ್ತಾಳೆ!

ಸ್ಕ್ರಂಚಿಗೆ ಪೇಟೆಂಟ್ ಸಿಕ್ಕಿದ್ದು 1987ರಲ್ಲಿ, ಅಮೆರಿಕದ ರಾಮಿ ರೆವ್ಸನ್ ಅನ್ನೋ ಹೆಂಗಸಿಗೆ. ಎಲಾಸ್ಟಿಕ್ಕಿನ ಮೇಲೆ ಬಟ್ಟೆ ನೆರಿಗೆ ನೆರಿಗೆಯಾಗಿ ಮುದುರಿ ಕೂತಿರುತ್ತದೆ, ಅಷ್ಟೇ. ಕನ್ನಡದಲ್ಲಿ 'ನೆರಿಗೆ ಬ್ಯಾಂಡು' ಅಂದರೆ ಆಗಲ್ವಾ? ಕೊಡವರ ಸೀರೆಯಲ್ಲಿ ನೆರಿಗೆ ಬರೋದು ಹಿಂದಕ್ಕೆ, ಇದೂ ಹಿಂದಕ್ಕೇ ಕೂರುತ್ತದೆ. ಸುಮ್ನೆ ಹೇಳಿದೆ.

ಟಿಕ್‌ಟಾಕ್ ಪಿನ್ನಿಗೂ 2020ರಲ್ಲಿ ಬ್ಯಾನ್ ಆದ ಆ ಆಪ್‌ಗೂ ಸಂಬಂಧ ಇಲ್ಲ. ಬಗ್ಗಿಸಿದಾಗ ಟಿಕ್, ಬಿಟ್ಟಾಗ ಟಾಕ್. ಬಾಬಿ ಪಿನ್ನಿನ 'ಬಾಬಿ' ನಮಗೆ ಗೊತ್ತಿರುವ ಬಾಬ್ ಕಟ್ಟಿನ ಬಾಬೇ. 1920ರ ದಶಕದಲ್ಲಿ ಗಿಡ್ಡ ಕೂದಲಿನ ಆ ಕಟ್ಟು ಜೋರಾದಾಗ, ಅದು ಜಾರದ ಹಾಗೆ ಹಿಡಿಯೋಕೆ ಬಂದ ಹೆಸರು. ಅಮ್ಮನಿಗೆ ಅದು ಬರೀ 'ಕಪ್ಪು ಪಿನ್ನು'. ಅದರ ಅಲೆ ಅಲೆ ಇರುವ ಕಾಲು ತಲೆಯ ಕಡೆಗೆ ಬರಬೇಕಂತೆ, ಆಗಲೇ ಹಿಡಿತ. ಅಕ್ಕ ಇಷ್ಟು ವರ್ಷ ತಿರುಗಿಸಿಯೇ ಹಾಕಿಕೊಂಡಿದ್ದಳು.

ಬಾಲದ ಬಾಚಣಿಗೆಯದ್ದೊಂದು ಸಮಾಧಾನ. ಅದರ ಕೆಲಸ ಬೈತಲೆ ತೆಗೆಯೋದು, ಆ ಮಾತು ಹುಡುಗಿಗೂ ಗೊತ್ತು. ಹೀಗೆ ಮಾಡುವ ಕೆಲಸದ ಮಾತೆಲ್ಲ ಗಟ್ಟಿಯಾಗಿ ಉಳಿದಿದೆ: ಸಿಕ್ಕು ಬಿಡಿಸು, ಬಾಚು, ಹೆಣೆ, ಜಡೆ ಹಾಕು. ಉತ್ತರ ಕರ್ನಾಟಕದ ಗೆಳೆಯರು ಹಿಕ್ಕು, ಹಣಿಗೆ, ಹೆರಳು ಅನ್ನುತ್ತಾರೆ. ಸಾಮಾನು ಮಾತ್ರ ಪ್ಯಾಕೆಟ್ಟಿನ ಮೇಲಿನ ಹೆಸರು ಹೊತ್ತುಕೊಂಡೇ ಮನೆಗೆ ಬರುತ್ತದೆ. ರಿಬ್ಬನ್ನನ್ನು ನಾವು 'ಟೇಪು' ಮಾಡಿಕೊಂಡ ಹಾಗೆ ಇವುಗಳನ್ನೂ ಪಳಗಿಸಿಕೊಳ್ಳಬೇಕು. 'ಕೇಶಬಂಧಿನಿ' ಥರದ ಹೆಸರು ಕಟ್ಟಿ ದಯವಿಟ್ಟು ಕಳಿಸಬೇಡಿ. ಸಂತೆಯಲ್ಲಿ ನಿಂತು ಅದನ್ನು ಕೇಳೋದು ನಾನು.

ಸ್ಟ್ರೈಟ್ನರಿನ ಬೇಡಿಕೆಯೂ ಬಂದಿತ್ತು. 'ತಲೆಗೂ ಇಸ್ತ್ರಿನಾ?' ಅಂದರು ಅಮ್ಮ. ಹೆಸರೂ ಆಯ್ತು, ತೀರ್ಪೂ ಆಯ್ತು. ಬಿಸಿಗೆ ಕೂದಲೊಳಗಿನ ಸಣ್ಣ ಕೊಂಡಿಗಳು ಬಿಟ್ಟು ನೇರವಾಗುತ್ತವೆ, ತೇವ ತಾಗಿದರೆ ಮತ್ತೆ ಮೊದಲಿನ ಹಾಗೇ. ಜುಲೈ ತಿಂಗಳ ಕೊಡಗಿನಲ್ಲಿ ಅದು ಸ್ಕೂಲಿನ ಗೇಟಿನವರೆಗೂ ಬಾಳುವುದಿಲ್ಲ. ನಮ್ಮಲ್ಲಿ ಆಗ ಕೂದಲು ಒಣಗಿಸೋದೇ ದೊಡ್ಡ ಕೆಲಸ. ಒದ್ದೆ ಕೂದಲು ಎಳೆದರೆ ಬೇಗ ತುಂಡಾಗುತ್ತದೆ, ಅದಕ್ಕೆ ಅಗಲ ಹಲ್ಲಿನ ಬಾಚಣಿಗೆಯೇ ಬೇಕು.

ಅಗಲ ಹಲ್ಲು ಅಂದಾಗ ನೆನಪಾಯಿತು, ಅದಕ್ಕೆ ಎದುರಾದದ್ದು ಸೀರಣಿಗೆ. ಸೀರು ಅಂದರೆ ಹೇನಿನ ಮೊಟ್ಟೆ, ಅದನ್ನು ತೆಗೆಯುವ ಒತ್ತು ಹಲ್ಲಿನದ್ದು. ಅಮ್ಮನ ಹತ್ತಿರ ಮರದ್ದೊಂದು ಇದೆ. ಹುಡುಗಿ ಅದನ್ನು ಹೇನು ಬಾಚಣಿಗೆ ಅನ್ನುತ್ತಾಳೆ, ಅಂಗಡಿಯಲ್ಲೂ ಹಾಗೇ ಕೇಳುತ್ತಾರೆ. ಸೀರಣಿಗೆ ಅನ್ನೋ ಮಾತು ನಿಮ್ಮ ಕಡೆ ಈಗಲೂ ಓಡಾಡುತ್ತಿದೆಯಾ?

ಏಡಿ ಕ್ಲಿಪ್ಪಿಗೂ, ಆ ಎರಡು ಬ್ಯಾಂಡುಗಳಿಗೂ ನಿಮ್ಮ ಮನೆಯ ಹೆಸರು ತಿಳಿಸಿ, ಜೊತೆಗೆ ಊರಿನ ಹೆಸರೂ ಇರಲಿ. ಅರೆಭಾಷೆ, ಕೊಡವ ಮಾತಾಡುವವರು ಖಂಡಿತ ಬರೆಯಿರಿ. ಬಿಲ್ಲಿನ ಬ್ಯಾಂಡು ಎರಡೂ ಇನ್ನೂ ಇಲ್ಲೇ ಇವೆ. ಮುಂದಿನ ಸೋಮವಾರ ಬದಲಾಯಿಸಿಕೊಂಡು ಬರಬೇಕು.