ಜರ್ಮನಿಯ ಹಳೆಯ ನಗರಗಳು: ಹತ್ತು ದಿನಕ್ಕೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಕೊನೆಯ ವಾರದಲ್ಲಿ ನಾನು ಮತ್ತು ನನ್ನ ಪತ್ನಿ ಹತ್ತು ದಿನಗಳ ಮಟ್ಟಿಗೆ ಜರ್ಮನಿಗೆ ಹೊರಟಿದ್ದೇವೆ. ಹಳೆಯ ಊರುಗಳು, ಅಲ್ಲಿನ ಚರ್ಚುಗಳು, ಕೋಟೆಗೋಡೆಗಳು, ಮರದ ಚೌಕಟ್ಟಿನ ಮನೆಗಳು ಮತ್ತು ಆಯಾ ಊರಿನದೇ ಆದ ಊಟ, ಇಷ್ಟೇ ನಮ್ಮ ಆಸಕ್ತಿ. ಸದ್ಯಕ್ಕೆ ಕಲೋನ್, ನ್ಯೂರೆಂಬರ್ಗ್, ಬಾಂಬರ್ಗ್, ರೋಥೆನ್‌ಬರ್ಗ್, ಡ್ರೆಸ್ಡನ್ ಮತ್ತು ಲ್ಯೂಬೆಕ್ ಎಂದು ಆರು ಹೆಸರುಗಳನ್ನು ಬರೆದಿಟ್ಟುಕೊಂಡಿದ್ದೇನೆ.

ನನಗಿರುವ ಅನುಮಾನಗಳು ಎರಡು. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಈ ಊರುಗಳಲ್ಲಿ ಹಲವು ನೆಲಸಮವಾಗಿ ಮತ್ತೆ ಕಟ್ಟಲ್ಪಟ್ಟವು ಎಂದು ಓದಿದ ಮೇಲೆ, ಅಷ್ಟು ದೂರ ಹೋಗಿ ನೋಡುವುದು ನಿಜವಾಗಿ ಹಳೆಯದನ್ನೋ ಅಥವಾ ಅದರ ನಕಲನ್ನೋ ಎಂಬ ಪ್ರಶ್ನೆ ಕಾಡುತ್ತಿದೆ. ಎರಡನೆಯದಾಗಿ, ನನ್ನ ಪತ್ನಿ ಮಾಂಸ ಮತ್ತು ಮೀನು ತಿನ್ನುವುದಿಲ್ಲ, ಮೊಟ್ಟೆಗೆ ಅಡ್ಡಿಯಿಲ್ಲ. ಬ್ರೆಡ್ಡು ಮತ್ತು ಹುರಿದ ಆಲೂಗಡ್ಡೆಯ ಮೇಲೆಯೇ ಹತ್ತು ದಿನ ಕಳೆಯಬೇಕಾದೀತೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ನಮಸ್ಕಾರ. ಹತ್ತು ದಿನಕ್ಕೆ ಆರು ಊರುಗಳೆಂದರೆ ನೀವು ಹೆಚ್ಚಾಗಿ ನೋಡುವುದು ರೈಲು ನಿಲ್ದಾಣಗಳನ್ನೇ. ನನ್ನ ಸಲಹೆ ಎರಡೇ ಠಾವು: ದಕ್ಷಿಣದಲ್ಲಿ ನ್ಯೂರೆಂಬರ್ಗ್‌ನಲ್ಲಿ ಐದು ರಾತ್ರಿ, ಅನಂತರ ಇನ್ನೊಂದು ಊರಿನಲ್ಲಿ ಮೂರು ರಾತ್ರಿ. ನ್ಯೂರೆಂಬರ್ಗ್‌ನಿಂದ ಬಾಂಬರ್ಗ್ ಮತ್ತು ರೇಗನ್ಸ್‌ಬರ್ಗ್ ಎರಡೂ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು, ಪೆಟ್ಟಿಗೆ ಕಟ್ಟುವ ಗೋಜಿಲ್ಲ. ಬವೇರಿಯಾ ರಾಜ್ಯದ ಒಳಗೆ ಓಡಾಡಲು ‘ಬಯರ್ನ್ ಟಿಕೆಟ್’ ಎಂಬ ದಿನದ ಚೀಟಿ ಸಿಗುತ್ತದೆ. ವಾರದ ದಿನಗಳಲ್ಲಿ ಅದು ಬೆಳಿಗ್ಗೆ 9ರ ನಂತರವೇ ನಡೆಯುತ್ತದೆ ಮತ್ತು ಐಸಿಇ ಎಂಬ ವೇಗದ ರೈಲುಗಳಲ್ಲಿ ನಡೆಯುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ರೇಗನ್ಸ್‌ಬರ್ಗ್ ಇಲ್ಲದಿರುವುದು ನನಗೆ ಕೊರತೆಯಾಗಿ ಕಂಡಿತು. ಬಾಂಬರ್ಗ್‌ನಂತೆ ಆ ಊರೂ ಯುದ್ಧದಲ್ಲಿ ಬಹುಮಟ್ಟಿಗೆ ಉಳಿದುಕೊಂಡಿದೆ. ಡ್ಯಾನ್ಯೂಬ್ ನದಿಗೆ 12ನೇ ಶತಮಾನದಲ್ಲಿ ಕಟ್ಟಿದ ಕಲ್ಲಿನ ಸೇತುವೆಯ ಮೇಲೆ ಇಂದಿಗೂ ಜನ ನಡೆದಾಡುತ್ತಾರೆ. ಕ್ರಿ.ಶ. 179ರಲ್ಲಿ ರೋಮನ್ನರು ಇಲ್ಲಿ ಕಟ್ಟಿದ ಸೇನಾಠಾಣೆಯ ಉತ್ತರ ಬಾಗಿಲಿನ ಕಮಾನು ಬಳಿಯ ಬೀದಿಯೊಂದರಲ್ಲಿ ನಂತರದ ಕಾಲದ ಕಟ್ಟಡದ ಗೋಡೆಯೊಳಗೆ ಸೇರಿಕೊಂಡು ನಿಂತಿದೆ. ಬಾಂಬರ್ಗ್‌ನ ಹಳೆಯ ಪುರಭವನವಂತೂ ರೇಗ್ನಿಟ್ಸ್ ನದಿಯ ನಡುವೆಯೇ ಇದೆ. ಅದರ ಹೊರಗೋಡೆಯ ಬಣ್ಣದ ಚಿತ್ರಗಳನ್ನು ಸೇತುವೆಯ ಮೇಲಿಂದ ನಿಧಾನವಾಗಿ ನೋಡಿ: ಚಿತ್ರದಲ್ಲಿರುವ ಪುಟ್ಟ ದೇವದೂತನೊಬ್ಬನ ಒಂದು ಕಾಲು ಮಾತ್ರ ಶಿಲ್ಪವಾಗಿ ಗೋಡೆಯಿಂದ ಹೊರಕ್ಕೆ ಚಾಚಿಕೊಂಡಿದೆ. ಮೊದಲ ಸಲ ಹೋದಾಗ ನಾನು ಅದನ್ನು ಗಮನಿಸದೆ ದಾಟಿ ಹೋಗಿದ್ದೆ.

ಬಾಂಬರ್ಗ್‌ನ ‘ರೌಖ್‌ಬಿಯರ್’ ಎಂಬ ಹೊಗೆಯ ಬಿಯರನ್ನೂ ಹೇಳಲೇಬೇಕು. ಹಿಂದೆ ಮೊಳಕೆ ಬಂದ ಬಾರ್ಲಿಯನ್ನು ಬೆಂಕಿಯ ಮೇಲೆಯೇ ಒಣಗಿಸುತ್ತಿದ್ದುದರಿಂದ ಬಿಯರಿನಲ್ಲಿ ಹೊಗೆಯ ವಾಸನೆ ಸಾಮಾನ್ಯವಾಗಿತ್ತು. ಉಳಿದೆಡೆ ಆ ಪದ್ಧತಿ ಹೋದರೂ ಇಲ್ಲಿನ ಕೆಲವರು ಬೀಚ್ ಮರದ ಸೌದೆಯ ಹೊಗೆಯಲ್ಲಿ ಒಣಗಿಸುವುದನ್ನು ಬಿಟ್ಟಿಲ್ಲ. ಮೊದಲ ಗುಟುಕಿಗೆ ಒಲೆಯ ಮುಂದೆ ಕುಳಿತಂತೆ ಅನಿಸುತ್ತದೆ. ಅರ್ಧ ಲೋಟ ಮುಗಿಯುವವರೆಗೆ ತೀರ್ಪು ಕೊಡಬೇಡಿ.

ಉತ್ತರ 2

ನಕಲಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇದೇ ಅನುಮಾನದಿಂದ ನಾನೂ ಹಲವು ವರ್ಷ ಆ ದೇಶಕ್ಕೆ ಹೋಗದೆ ಉಳಿದಿದ್ದೆ. 1945ರ ಜನವರಿ 2ರ ಒಂದೇ ದಾಳಿಯಲ್ಲಿ ನ್ಯೂರೆಂಬರ್ಗ್‌ನ ಹಳೆಯ ಪೇಟೆಯ ಬಹುಭಾಗ ನಾಶವಾಯಿತು ಎಂಬುದು ನಿಜ. ಆದರೆ ಅದನ್ನು ಮತ್ತೆ ಕಟ್ಟಿದವರು ಹಳೆಯ ಬೀದಿಗಳ ಜಾಡನ್ನೇ ಹಿಡಿದರು. ಸುತ್ತಲಿನ ಕೋಟೆಗೋಡೆಯ ಬಹುಭಾಗ ಉಳಿದಿದೆ. ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1509ರಿಂದ 1528ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ ಮನೆಯೂ ಇದೆ. ಕೋಟೆಯ ಕೆಳಗೆ ಬಂಡೆಯನ್ನು ಕೊರೆದು ಮಾಡಿದ ನೆಲಮಾಳಿಗೆಗಳಲ್ಲಿ ಯುದ್ಧಕಾಲದಲ್ಲಿ ಕಲಾಕೃತಿಗಳನ್ನು ಅಡಗಿಸಿಟ್ಟಿದ್ದ ಜಾಗವನ್ನು ಇಂದು ತೋರಿಸುತ್ತಾರೆ. ನಾಜಿ ನಾಯಕರ ವಿಚಾರಣೆ 1945ರ ನವೆಂಬರ್ 20ರಂದು ಆರಂಭವಾದ 600ನೇ ಸಂಖ್ಯೆಯ ನ್ಯಾಯಾಲಯ ಕೊಠಡಿಯೂ ಇದೇ ಊರಿನಲ್ಲಿದೆ. ಊರು ಏಕೆ ಸುಟ್ಟುಹೋಯಿತೆಂಬ ಕಥೆಯನ್ನು ಬಿಟ್ಟು ಅದರ ಅಂದವನ್ನು ಮಾತ್ರ ನೋಡಿ ಬರುವುದು ನನಗೆ ಸರಿ ಎನಿಸುವುದಿಲ್ಲ.

ಕಲೋನ್‌ನ ಕಥೀಡ್ರಲ್ ಕೂಡ ಈ ಪ್ರಶ್ನೆಗೆ ಒಂದು ಉತ್ತರ. 1248ರಲ್ಲಿ ಆರಂಭವಾದ ಕೆಲಸ 16ನೇ ಶತಮಾನದಲ್ಲಿ ನಿಂತುಹೋಯಿತು. 19ನೇ ಶತಮಾನದಲ್ಲಿ ಮುಂಭಾಗದ ಮಧ್ಯಯುಗದ ನಕ್ಷೆ ಎರಡು ತುಂಡುಗಳಾಗಿ ಪತ್ತೆಯಾದ ಮೇಲೆ ಅದನ್ನು ಅನುಸರಿಸಿ ಕಟ್ಟಿ 1880ರಲ್ಲಿ ಮುಗಿಸಿದರು. 157 ಮೀಟರ್ ಎತ್ತರದ ಆ ಗೋಪುರಗಳನ್ನು ನಕಲು ಎಂದು ಯಾರೂ ಕರೆಯುವುದಿಲ್ಲ.

ಎರಡನೆಯ ಠಾವಿಗೆ ಡ್ರೆಸ್ಡನ್ ಅಥವಾ ಲ್ಯೂಬೆಕ್ ಎರಡೂ ಒಪ್ಪುತ್ತವೆ. ಡ್ರೆಸ್ಡನ್ನಿನ ಫ್ರೌಎನ್‌ಕಿರ್ಖೆ ಚರ್ಚು 1945ರ ಫೆಬ್ರವರಿ 15ರಂದು ಕುಸಿದು, ದಶಕಗಳ ಕಾಲ ಕಲ್ಲಿನ ರಾಶಿಯಾಗಿ ಬಿದ್ದಿದ್ದು, 2005ರಲ್ಲಿ ಮತ್ತೆ ಎದ್ದು ನಿಂತಿತು. ತಿಳಿಬಣ್ಣದ ಹೊಸ ಮರಳುಕಲ್ಲಿನ ನಡುವೆ ಅಲ್ಲಲ್ಲಿ ಕಾಣುವ ಕಪ್ಪು ಕಲ್ಲುಗಳು ಹಳೆಯ ಚರ್ಚಿನವು. ಆದರೂ ನನ್ನ ಮನಸ್ಸು ಲ್ಯೂಬೆಕ್ ಕಡೆಗೆ. ಅಲ್ಲಿನ ಸೇಂಟ್ ಮೇರಿ ಚರ್ಚಿನ ದಕ್ಷಿಣ ಗೋಪುರದ ತಳಕ್ಕೆ ಹೋಗಿ ನೋಡಿ. 1942ರ ಮಾರ್ಚ್ ತಿಂಗಳಲ್ಲಿ, ಈಸ್ಟರ್ ಹಬ್ಬಕ್ಕೆ ಹಿಂದಿನ ಭಾನುವಾರವಾದ ಪಾಮ್ ಸಂಡೆಯ ಹಿಂದಿನ ರಾತ್ರಿ, ಹೊತ್ತಿ ಉರಿದ ಗೋಪುರದಿಂದ ಕಳಚಿ ಬಿದ್ದ ಗಂಟೆಗಳನ್ನು ಬಿದ್ದ ಜಾಗದಲ್ಲಿಯೇ ಬಿಟ್ಟಿದ್ದಾರೆ. ಒಡೆದ ನೆಲದಲ್ಲಿ ಅರ್ಧ ಹೂತ ಹಾಗೆ, ಹರಿದು ಮುದುಡಿದ ಕಂಚು. ಅದರ ಮುಂದೆ ನಿಂತವರು ತಾವಾಗಿಯೇ ದನಿ ತಗ್ಗಿಸುತ್ತಾರೆ. ಅದೇ ಬೆಂಕಿಯಲ್ಲಿ ಸುಣ್ಣದ ಪದರ ಉದುರಿ, ಅದರಡಿ ಮರೆತುಹೋಗಿದ್ದ ಮಧ್ಯಯುಗದ ಚಿತ್ರಗಳು ಬೆಳಕಿಗೆ ಬಂದವು.

ಕಟ್ಟಡದ ಕಲ್ಲು ಸಿಗದ ಉತ್ತರದ ಬಯಲಿನಲ್ಲಿ ಇಡೀ ಊರನ್ನು ಕೆಂಪು ಇಟ್ಟಿಗೆಯಲ್ಲಿ ಕಟ್ಟಿದ್ದಾರೆ. 1478ರಲ್ಲಿ ಮುಗಿದ ಹೋಲ್ಸ್ಟನ್‌ಟೋರ್ ಎಂಬ ಊರಬಾಗಿಲಿನ ಗೋಪುರಗಳು ಜೌಗು ನೆಲದಲ್ಲಿ ವಾಲಿವೆ. ಮನೆಸಾಲುಗಳ ನಡುವಿನ ತಗ್ಗು ಬಾಗಿಲುಗಳಲ್ಲಿ ತಲೆ ಬಗ್ಗಿಸಿ ನುಸುಳಿದರೆ ಒಳಗೆ ಹಿತ್ತಲುಗಳೂ ಪುಟ್ಟ ಮನೆಗಳೂ ತೆರೆದುಕೊಳ್ಳುತ್ತವೆ; ಜನ ವಾಸವಿರುವ ಮನೆಗಳಾದ್ದರಿಂದ ಸದ್ದು ಮಾಡದೆ ಹೋಗಿ ಬನ್ನಿ.

ಉತ್ತರ 3

ಊಟದ ವಿಷಯಕ್ಕೆ ನನ್ನ ಅನುಭವ ಸೇರಿಸುತ್ತೇನೆ, ನಾನೂ ಸಸ್ಯಾಹಾರಿ. ಮೇ ಕೊನೆಯಲ್ಲಿ ಹೋಗುತ್ತಿರುವುದು ನಿಮ್ಮ ಪತ್ನಿಯವರ ಅದೃಷ್ಟ. ‘ಶ್ಪಾರ್ಗೆಲ್’ ಎಂಬ ಬಿಳಿ ಶತಾವರಿ ಕುಡಿಯ ಸುಗ್ಗಿ ಜೂನ್ 24ಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಬಹುತೇಕ ಎಲ್ಲ ಊಟದ ಮನೆಗಳಲ್ಲಿ ಅದಕ್ಕೆಂದೇ ಬೇರೆ ಪಟ್ಟಿ ಇರುತ್ತದೆ. ಸಿಪ್ಪೆ ಹೆರೆದು ಬೇಯಿಸಿದ ಕುಡಿಗಳನ್ನು ಹೊಸ ಆಲೂಗಡ್ಡೆ ಮತ್ತು ಕರಗಿಸಿದ ಬೆಣ್ಣೆ ಅಥವಾ ಮೊಟ್ಟೆಯ ಹಳದಿ ಮತ್ತು ಬೆಣ್ಣೆಯ ಹಾಲಂಡೇಸ್ ಸಾಸ್ ಜೊತೆ ಬಡಿಸುತ್ತಾರೆ. ಹಲವೆಡೆ ಜೊತೆಗೆ ಕೊಡುವ ಹ್ಯಾಮ್ (ಹಂದಿಮಾಂಸ) ಬೇಡವೆಂದು ಮೊದಲೇ ಹೇಳಿದರೆ ಸಾಕು. ‘ಕೇಜೆಶ್ಪೆಟ್ಸ್ಲೆ’ ಎಂಬುದು ಮೊಟ್ಟೆ ಹಾಕಿ ಕಲಸಿದ ಹಿಟ್ಟಿನ ತುಣುಕುಗಳಿಗೆ ಚೀಸ್ ಸೇರಿಸಿ, ಮೇಲೆ ಗರಿಗರಿ ಈರುಳ್ಳಿ ಹಾಕಿದ ತಿನಿಸು, ಹೊಟ್ಟೆ ತುಂಬುತ್ತದೆ.

ಎಚ್ಚರ ಬೇಕಿರುವುದು ಸಸ್ಯಾಹಾರದಂತೆ ಕಾಣುವ ತಿನಿಸುಗಳಲ್ಲಿ. ಒಂದು ಊಟದ ಮನೆಯಲ್ಲಿ ನಾನು ಆಲೂಗಡ್ಡೆ ಸಲಾಡನ್ನು ನಿಶ್ಚಿಂತೆಯಿಂದ ಅರ್ಧ ತಿಂದ ಮೇಲೆ ಅದಕ್ಕೆ ಮಾಂಸದ ಸಾರು ಹಾಕಿರುವುದು ತಿಳಿದು, ಆ ಸಂಜೆಯೆಲ್ಲ ಸಂಕಟಪಟ್ಟೆ. ದಕ್ಷಿಣದಲ್ಲಿ ಅದು ವಾಡಿಕೆಯೇ. ನ್ಯೂರೆಂಬರ್ಗ್ ಕಡೆಯ ‘ಕ್ಲೋಸ್ ಮಿಟ್ ಸೋಸ್’ ಎಂಬ ಆಲೂಗಡ್ಡೆ ಉಂಡೆಯ ಜೊತೆಗಿನ ಸಾಸ್ ಕೂಡ ಮಾಂಸದ್ದೇ, ಮತ್ತು ಹುರಿದ ಆಲೂಗಡ್ಡೆಯಲ್ಲಿ ಹಲವೆಡೆ ‘ಶ್ಪೆಕ್’ ಎಂಬ ಹಂದಿಮಾಂಸದ ಚೂರುಗಳಿರುತ್ತವೆ. ‘ಓನೆ ಫ್ಲೈಶ್, ಓನೆ ಶ್ಪೆಕ್’ (ಮಾಂಸವಿಲ್ಲದೆ, ಶ್ಪೆಕ್ ಇಲ್ಲದೆ) ಎಂದು ಹೇಳುವುದನ್ನು ರೂಢಿ ಮಾಡಿಕೊಳ್ಳಿ. ಸಾರಿನ ಬಗ್ಗೆ ಬೇರೆಯಾಗಿಯೇ ಕೇಳಿ. ಲ್ಯೂಬೆಕ್‌ನ ಮಾರ್ಜಿಪಾನ್ ಎಂಬ ಬಾದಾಮಿಯ ಸಿಹಿ ಮಾತ್ರ ಮನಸ್ಸು ಬಿಚ್ಚಿ ತಿನ್ನಬಹುದು.

ನೀವು ಮಾಂಸ ತಿನ್ನುವವರಾದರೆ ನ್ಯೂರೆಂಬರ್ಗ್‌ನಲ್ಲಿ ‘ದ್ರೈ ಇಮ್ ವೆಗ್ಲಾ’ ಕೇಳಿ: ಬೆರಳುದ್ದದ ಮೂರು ಸಾಸೇಜುಗಳನ್ನಿಟ್ಟ ಬನ್ನು. 7ರಿಂದ 9 ಸೆಂಟಿಮೀಟರ್ ಎಂಬ ಆ ಉದ್ದಕ್ಕೂ ಅಲ್ಲಿ ನಿಯಮವಿದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನ್ಯೂರೆಂಬರ್ಗ್‌ನಲ್ಲಿ ಐದು ರಾತ್ರಿ, ಲ್ಯೂಬೆಕ್‌ನಲ್ಲಿ ಮೂರು ರಾತ್ರಿ ಎಂದು ನಿರ್ಧರಿಸಿದ್ದೇವೆ. ರೋಥೆನ್‌ಬರ್ಗ್ ಬದಲು ರೇಗನ್ಸ್‌ಬರ್ಗ್‌ಗೆ ಹೋಗುತ್ತೇವೆ. ವಾರದ ಯಾವ ದಿನ ಎಲ್ಲಿರಬೇಕೆಂಬುದಕ್ಕೆ ಏನಾದರೂ ಲೆಕ್ಕವಿದೆಯೇ?

ಉತ್ತರ 1

ಇದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಚರ್ಚುಗಳನ್ನು ಸುತ್ತಿ ನೋಡಲು ಬಿಡುವುದಿಲ್ಲ. ಸೋಮವಾರ ಹಲವು ಸಂಗ್ರಹಾಲಯಗಳಿಗೆ ರಜೆ. ಹೀಗಾಗಿ ನ್ಯೂರೆಂಬರ್ಗ್‌ನ ಕೋಟೆಗೋಡೆಯ ಸುತ್ತಾಟವನ್ನು ಭಾನುವಾರಕ್ಕೂ ರೇಗನ್ಸ್‌ಬರ್ಗ್ ಪ್ರಯಾಣವನ್ನು ಸೋಮವಾರಕ್ಕೂ ಇಟ್ಟುಕೊಳ್ಳಿ. ಈಸ್ಟರ್ ಆದ 39ನೇ ದಿನದ ಗುರುವಾರ ಮತ್ತು 50ನೇ ದಿನದ ಸೋಮವಾರ ದೇಶಕ್ಕೆಲ್ಲ ರಜೆ. 60ನೇ ದಿನದ ಗುರುವಾರ ಬವೇರಿಯಾದಲ್ಲಿ ರಜೆ, ಲ್ಯೂಬೆಕ್ ಕಡೆ ಇಲ್ಲ. ಹೊರಡುವ ಮುನ್ನ ಆ ವರ್ಷದ ಕ್ಯಾಲೆಂಡರಿನಲ್ಲಿ ಇವನ್ನು ಗುರುತು ಹಾಕಿಕೊಂಡು, ಹಿಂದಿನ ದಿನವೇ ಹಣ್ಣು, ಹಾಲು, ಬ್ರೆಡ್ಡು ತಂದಿಟ್ಟುಕೊಳ್ಳಿ. ಲ್ಯೂಬೆಕ್‌ಗೆ ಹೋಗುವ ದಿನ ಹ್ಯಾಂಬರ್ಗ್‌ನಲ್ಲಿ ರೈಲು ಬದಲಿಸಬೇಕು; ಆ ದಿನಕ್ಕೆ ಬೇರೇನನ್ನೂ ಇಟ್ಟುಕೊಳ್ಳಬೇಡಿ. ಮತ್ತೊಂದು ಮಾತು: ನ್ಯೂರೆಂಬರ್ಗ್‌ನಲ್ಲಿ ಒಂದು ದಿನ ಮಧ್ಯಾಹ್ನ 12ಕ್ಕೆ ಸರಿಯಾಗಿ ಮಾರುಕಟ್ಟೆ ಚೌಕದ ಫ್ರೌಎನ್‌ಕಿರ್ಖೆಯ (ಡ್ರೆಸ್ಡನ್ನಿನದಲ್ಲ, ಅದೇ ಹೆಸರಿನ ಇನ್ನೊಂದು ಚರ್ಚು) ಎದುರು ನಿಂತಿರಿ. ಗಡಿಯಾರದ ಕೆಳಗೆ ಏಳು ಮಂದಿ ರಾಜಕುಮಾರರ ಬೊಂಬೆಗಳು ಹೊರಬಂದು ನಾಲ್ಕನೇ ಕಾರ್ಲ್ ಚಕ್ರವರ್ತಿಗೆ ಮೂರು ಸುತ್ತು ಬರುತ್ತವೆ.