ಸಹಾಯ ಬೇಕು: ರಕ್ತದಲ್ಲಿ ಓಲಿಯಾಂಡ್ರಿನ್ ಅಳೆಯುವಾಗ ಸೋಡಿಯಂ ಕಾಟ

ಕಣಗಿಲೆ ವಿಷದ (ಆ ಗಿಡದ ಮುಖ್ಯ ವಿಷವೇ ಓಲಿಯಾಂಡ್ರಿನ್) ಶಂಕೆಯಿರುವ ರಕ್ತದ ಮಾದರಿಗಳನ್ನು ಎಲ್‌ಸಿ-ಎಂಎಸ್/ಎಂಎಸ್‌ನಲ್ಲಿ (ಕಾಲಂನಲ್ಲಿ ಬೇರ್ಪಡಿಸಿ, ಅಯಾನುಗಳ ದ್ರವ್ಯರಾಶಿಯಿಂದ ಅಳೆಯುವ ಯಂತ್ರ) ನೋಡುವವರು ದಯವಿಟ್ಟು ಸಲಹೆ ಕೊಡಿ.

200 ಮೈಕ್ರೋಲೀಟರ್ ರಕ್ತಕ್ಕೆ 600 ಮೈಕ್ರೋಲೀಟರ್ ತಣ್ಣನೆಯ ಅಸಿಟೋನೈಟ್ರೈಲ್ ಹಾಕಿ ಪ್ರೋಟೀನ್ ತೆಗೆದು, ತಿಳಿಯನ್ನು ಒಣಗಿಸಿ, ಮತ್ತೆ ಕರಗಿಸಿ ಸಿ18 ಕಾಲಂಗೆ ಬಿಡುತ್ತಿದ್ದೇವೆ. ಪಾಸಿಟಿವ್ ಮೋಡ್‌ನಲ್ಲಿ 577→373 (577ರ ಓಲಿಯಾಂಡ್ರಿನ್ ಅಯಾನು ಒಡೆದು 373ರ ತುಣುಕಾಗುವುದು) ನೋಡುತ್ತೇವೆ. ತೊಂದರೆ ಏನೆಂದರೆ, 599ರ ಸೋಡಿಯಂ ಅಡಕ್ಟ್ (ಓಲಿಯಾಂಡ್ರಿನ್ ಜೊತೆ ಸೋಡಿಯಂ ಸೇರಿದ ಅಯಾನು) ಸಿಗ್ನಲ್‌ನ ದೊಡ್ಡ ಪಾಲನ್ನು ನುಂಗುತ್ತದೆ. ಅದು ಸರಿಯಾಗಿ ಒಡೆಯುವುದೂ ಇಲ್ಲ, ಹಾಗಾಗಿ ಅಳತೆಗೆ ಒದಗುವುದಿಲ್ಲ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಟ್ಯೂಬಿನ ರಕ್ತದಲ್ಲಿ ಹೇಗೋ ನಡೆಯುತ್ತದೆ. ಸೋಡಿಯಂ ಫ್ಲೋರೈಡ್ ಟ್ಯೂಬಿನದರಲ್ಲಿ 577ರ ಪೀಕ್ ಕುಸಿಯುತ್ತದೆ. ಕ್ಯಾಲಿಬ್ರೇಷನ್ ಮಾತ್ರ ವಿಷವಿಲ್ಲದ ಇಡಿಟಿಎ ರಕ್ತದ ಬ್ಲ್ಯಾಂಕ್‌ನಲ್ಲೇ ಇರುವುದರಿಂದ ಫಲಿತಾಂಶ ಕಡಿಮೆ ಬರುತ್ತದೆ. ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಗೆಂದು ಗೊತ್ತಾದ ಪ್ರಮಾಣದಲ್ಲಿ ಸೇರಿಸುವ ವಸ್ತು) ಡಿಗಾಕ್ಸಿನ್-ಡಿ3 ಕಾಲಂನಿಂದ ಬೇರೆ ಹೊತ್ತಿಗೆ ಹೊರಬರುವುದರಿಂದ ಈ ವ್ಯತ್ಯಾಸವನ್ನು ಸರಿದೂಗಿಸುವುದಿಲ್ಲ.

ಮೊಬೈಲ್ ಫೇಸ್‌ಗೆ (ಕಾಲಂ ಮೂಲಕ ಹರಿಯುವ ದ್ರಾವಣ) 5 ಮಿಲಿಮೋಲಾರ್ ಅಮೋನಿಯಂ ಫಾರ್ಮೇಟ್ ಸೇರಿಸಿ 594ರ ಅಮೋನಿಯಂ ಅಡಕ್ಟ್‌ ಹಿಡಿದವರಿದ್ದೀರಾ? ಫ್ಲೋರೈಡ್ ರಕ್ತದಲ್ಲೂ ಅದು ಸ್ಥಿರವೇ? ಅಥವಾ ದ್ರವ-ದ್ರವ ಎಕ್ಸ್‌ಟ್ರಾಕ್ಷನ್‌ನಿಂದ ಲವಣವನ್ನು ಮೊದಲೇ ಕಳೆಯುವುದು ವಾಸಿಯೇ? ಗಾಜಿನ ವಯಲ್ ಬದಲು ಪಾಲಿಪ್ರೊಪಿಲೀನ್ ಬಳಸಿದವರ ಅನುಭವವೂ ಬೇಕು, ಗಾಜಿನಿಂದಲೂ ಸೋಡಿಯಂ ಇಳಿಯುತ್ತದೆ.

ಡಿಗಾಕ್ಸಿನ್ ಇಮ್ಯುನೊಅಸ್ಸೇ (ಹೃದಯದ ಔಷಧಿ ಡಿಗಾಕ್ಸಿನ್ ಅಳೆಯುವ ಪ್ರತಿಕಾಯ ಪರೀಕ್ಷೆ) ಸಾಕು ಎನ್ನಬೇಡಿ. ಓಲಿಯಾಂಡ್ರಿನ್ ಅದರಲ್ಲಿ ಅಡ್ಡ ಪ್ರತಿಕ್ರಿಯೆ ತೋರುವುದು ನಿಜ, ಆದರೆ ಆ ಸಂಖ್ಯೆಯಿಂದ ವಿಷದ ಪ್ರಮಾಣ ಹೇಳಲಾಗದು.